ಕರಾವಳಿಯಲ್ಲಿ ಏರ್ ಪಿಸ್ತೂಲು: ಆರಿಸಿ, ಕೈಗೆ ಒಗ್ಗಿಸಿ, ಗಾಳಿ ತುಂಬುವವರೆಗೆ

10 ಮೀಟರ್ ಏರ್ ಪಿಸ್ತೂಲಿನ ಗುರಿಯಲ್ಲಿ ಹತ್ತರ ವೃತ್ತದ ಅಡ್ಡಳತೆ 11.5 ಮಿ.ಮೀ., ಪೆಲ್ಲೆಟ್ಟಿನದು, ಅಂದರೆ ಹೊಡೆಯುವ ಸಣ್ಣ ಸೀಸದ ಗುಂಡಿನದು, 4.5 ಮಿ.ಮೀ. ಪೆಲ್ಲೆಟ್ಟಿನ ಅಂಚು ಗೆರೆಗೆ ತಾಗಿದರೂ ಹತ್ತು ಸಿಗುತ್ತದೆ. ಅಂದರೆ ಪೆಲ್ಲೆಟ್ಟಿನ ನಡು ಗುರಿಯ ಕೇಂದ್ರದಿಂದ 8 ಮಿ.ಮೀ. ಆಚೀಚೆ ಹೋದರೂ ಅಂಕ ಕಡಿಮೆಯಾಗುವುದಿಲ್ಲ. ಸ್ಪರ್ಧೆಗೆಂದೇ ಮಾಡಿದ ಯಾವ ಪಿಸ್ತೂಲನ್ನೇ ಆಗಲಿ ವೈಸಿಗೆ (ಮೇಜಿನ ಮೇಲೆ ಬಿಗಿಹಿಡಿಯುವ ಉಪಕರಣ) ಬಿಗಿದು ಹೊಡೆಯಿರಿ, ಅದು ಅಷ್ಟು ಚೆದುರುವುದಿಲ್ಲ. ಹಾಗಾದರೆ ಎಂಟು, ಏಳು ಎಲ್ಲಿಂದ ಬರುತ್ತದೆ? ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ 33 ಸೆಂ.ಮೀ. ಅಂತರವಿದ್ದರೆ, ಟ್ರಿಗರ್ ಒತ್ತುವಾಗ ಮುಂದಿನ ಸೈಟು ಕಾಲು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಸರಿದರೆ ಸಾಕು, ಹತ್ತು ಹೋಯಿತು. ಇದು ಬ್ಯಾರಲ್ಲಿನ ತಪ್ಪಲ್ಲ, ಹಿಡಿ ಮತ್ತು ಟ್ರಿಗರಿನ ವಿಷಯ. ಹೊಸಬರು ಕ್ಲಬ್ಬಿಗೆ ಬಂದು "ಸ್ಟೈಯರ್ ಒಳ್ಳೆಯದಾ, ವಾಲ್ಥರ್ ಒಳ್ಳೆಯದಾ, ಮೊರಿನಿ ತೆಗೊಳ್ಳಲಾ" ಎಂದು ಕಂಪನಿಯ ಹೆಸರು ಹಿಡಿದು ಕೇಳುವಾಗ ನಾವು ಮೊದಲು ಅವರ ಅಂಗೈ ನೋಡುವುದು ಅದಕ್ಕೇ.

ಕಾನೂನಿನ ಮಾತು ಮೊದಲೇ ಮುಗಿಸಿಬಿಡುವ. ಬ್ಯಾರಲ್ಲಿನ ಒಳ ಅಳತೆ 4.5 ಮಿ.ಮೀ. ಮೀರದ, ಹೊಡೆತದ ಶಕ್ತಿ 20 ಜೌಲ್ ಮೀರದ ಏರ್ ಪಿಸ್ತೂಲಿಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಡ. ಗುರುತು ಮತ್ತು ವಿಳಾಸದ ದಾಖಲೆ ಇದ್ದರೆ ಆಯಿತು. ಸ್ಪರ್ಧೆಯ ಪಿಸ್ತೂಲಿನಿಂದ ಅರ್ಧ ಗ್ರಾಮಿನ ಪೆಲ್ಲೆಟ್ ಸೆಕೆಂಡಿಗೆ 150 ಮೀಟರ್ ಆಸುಪಾಸಿನಲ್ಲಿ ಹೊರಡುತ್ತದೆ. ಲೆಕ್ಕ ಹಾಕಿದರೆ 5–6 ಜೌಲ್, ಮಿತಿಯಿಂದ ಎಷ್ಟೋ ಕೆಳಗೆ. ಮದ್ದಿನ ತೋಟೆ ಹೊಡೆಯುವ .22 ಪಿಸ್ತೂಲು ಹಾಗಲ್ಲ. ಅದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ ಬರುತ್ತದೆ, ಅದಕ್ಕೆ ಲೈಸೆನ್ಸ್ ಬೇಕೇ ಬೇಕು.

ತೋಟೆಯನ್ನು ಮನೆಯಲ್ಲೇ ಮರುತುಂಬಿಸುವ ಪ್ರೆಸ್ಸು, ಡೈಗಳ ವಿಡಿಯೋ ನೋಡಿ ಬರುವವರೂ ಇದ್ದಾರೆ. .22ರಲ್ಲಿ ಕಿಡಿ ಹುಟ್ಟಿಸುವ ಮದ್ದು ಇರುವುದು ತೋಟೆಯ ಬುಡದ ಅಂಚಿನ ಮಡಿಕೆಯೊಳಗೆ. ಪಿನ್ನು ಆ ಅಂಚನ್ನೇ ಜಜ್ಜುತ್ತದೆ, ಕಿತ್ತು ಬದಲಿಸಲು ಬೇರೆ ಪ್ರೈಮರ್ (ಕಿಡಿಮದ್ದಿನ ಪುಟ್ಟ ಬಟ್ಟಲು) ಇಲ್ಲ, ಹಾಗಾಗಿ ಒಮ್ಮೆ ಹೊಡೆದ .22 ತೋಟೆ ಅಲ್ಲಿಗೇ ಮುಗಿಯಿತು. ಮರುತುಂಬಿಸಲು ಬರುವುದು ನಡುವೆ ಪ್ರೈಮರ್ ಇರುವ ದೊಡ್ಡ ತೋಟೆಗಳನ್ನು ಮಾತ್ರ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ತೋಟೆ ತಯಾರಿಸುವುದು ಅದೇ ಕಾಯ್ದೆಯ 5ನೇ ಸೆಕ್ಷನ್ನಿಗೆ ವಿರುದ್ಧ. ಪ್ರೆಸ್ಸಿಗೆ ಇಟ್ಟ ದುಡ್ಡನ್ನು ಪೆಲ್ಲೆಟ್ಟಿಗೂ ಗಾಳಿ ತುಂಬುವ ವ್ಯವಸ್ಥೆಗೂ ಹಾಕಿ. ಏರ್ ಪಿಸ್ತೂಲಿನಲ್ಲಿ ಮರುತುಂಬಿಸುವುದು ಎಂದರೆ ಗಾಳಿಯನ್ನೇ.

ಇನ್ನು ಪಿಸ್ತೂಲು. ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ ಅಂಗಡಿಗೆ ಹೋಗಿ ನಾಲ್ಕನ್ನು ಕೈಯಲ್ಲಿ ಹಿಡಿದು ನೋಡಿ ಆರಿಸುವ ಭಾಗ್ಯ ಇಲ್ಲ. ಹೊಸದನ್ನು ಹೊರಗಿನ ಡೀಲರಿಂದ ತರಿಸಬೇಕು, ಬೆಲೆ ಲಕ್ಷ ದಾಟಿಯೇ ಇರುತ್ತದೆ. ಹೆಚ್ಚಿನವರು ಶುರು ಮಾಡುವುದು ಸೆಕೆಂಡ್ ಹ್ಯಾಂಡಿನಿಂದ. ಅದರಲ್ಲಿ ಮೂರು ಜಾತಿ ಸಿಗುತ್ತದೆ. ಬೈಕಾಲ್ ಐಝಡ್ಎಚ್-46ಎಂ ತರಹದ್ದು ಪ್ರತಿ ಹೊಡೆತಕ್ಕೂ ಲಿವರ್ ಎಳೆದು ಗಾಳಿ ಒತ್ತುವಂಥದ್ದು. ಸಿಲಿಂಡರಿನ ರಗಳೆ ಇಲ್ಲ, ಕೆಡುವುದೂ ಕಡಿಮೆ. ಆದರೆ 60 ಹೊಡೆತ, ಅದರ ಮೇಲೆ ಅಭ್ಯಾಸದ ಹೊಡೆತ ಅಂದರೆ ಅಷ್ಟೂ ಸಲ ಬಲವಾಗಿ ಎಳೆಯಬೇಕು. ಸಣ್ಣ ಮಕ್ಕಳ ತೋಳು ನಲವತ್ತರ ಹೊತ್ತಿಗೆ ನಡುಗತೊಡಗುತ್ತದೆ. ಎರಡನೆಯದು ಹಳೆಯ ಸಿಒಟು (ಕಾರ್ಬನ್ ಡೈಆಕ್ಸೈಡ್ ಅನಿಲದ) ಪಿಸ್ತೂಲು. ಸೆಕೆ ಏರಿದಂತೆ ಅದರ ಒತ್ತಡವೂ ಏರುತ್ತದೆ, ಬೆಳಿಗ್ಗೆ ಹೊಂದಿಸಿದ ಸೈಟು ಮಧ್ಯಾಹ್ನಕ್ಕೆ ಸುಳ್ಳು ಹೇಳುತ್ತದೆ. ಎಷ್ಟು ಅಗ್ಗಕ್ಕೆ ಕೊಟ್ಟರೂ ಈ ಊರಿಗೆ ಅದು ಬೇಡ. ಮೂರನೆಯದು 200 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ಗಾಳಿಯನ್ನು ಮೊದಲೇ ತುಂಬಿಟ್ಟ ಸಿಲಿಂಡರ್ ಇರುವ ಪಿಸಿಪಿ, ಈಗ ಎಲ್ಲರೂ ಹೊಡೆಯುವುದು ಇದರಲ್ಲೇ.

ಸೆಕೆಂಡ್ ಹ್ಯಾಂಡ್ ಪಿಸಿಪಿ ನೋಡುವಾಗ ಮೊದಲು ಸಿಲಿಂಡರಿನ ಮೇಲಿನ ತಾರೀಕು ಓದಿ. ಅಲ್ಯುಮಿನಿಯಂ ಸಿಲಿಂಡರಿಗೆ ತಯಾರಕರು ಕೊಡುವ ಆಯುಷ್ಯ 10 ವರ್ಷ. ಅವಧಿ ಮೀರದಂತೆ ನೋಡಿಕೊಳ್ಳುವುದು ಶೂಟರಿನ ಹೊಣೆ ಎಂದು ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಸಂಸ್ಥೆ) ನಿಯಮವೇ ಹೇಳುತ್ತದೆ, ಸ್ಪರ್ಧೆಯಲ್ಲಿ ನೋಡಲೂಬಹುದು. ಅವಧಿ ಮುಗಿದಿದ್ದರೆ ಹೊಸ ಸಿಲಿಂಡರಿನ ಬೆಲೆಯನ್ನು ಪಿಸ್ತೂಲಿನ ಬೆಲೆಯಿಂದ ಕಳೆದೇ ಮಾತಾಡಿ. ಆಮೇಲೆ ಗಾಳಿ ತುಂಬಿ, ಪಿಸ್ತೂಲಿಗೆ ಸಿಕ್ಕಿಸಿ, ಮೀಟರಿನ ಫೋಟೋ ತೆಗೆದು ರಾತ್ರಿಯಿಡೀ ಇಡಿ. ತುಂಬಿದ ಬಿಸಿ ಆರುವಾಗ ಮುಳ್ಳು ಸ್ವಲ್ಪ ಇಳಿಯುತ್ತದೆ, ಅದು ಸಹಜ. ಆರಿದ ಮೇಲೂ ಇಳಿಯುತ್ತಾ ಹೋದರೆ ಒ-ರಿಂಗ್ (ಗಾಳಿ ತಡೆಯುವ ರಬ್ಬರ್ ಬಳೆ) ಸೋರುತ್ತಿದೆ, ದೊಡ್ಡ ಖರ್ಚೇನಲ್ಲ. ದೊಡ್ಡ ಖರ್ಚು ರೆಗ್ಯುಲೇಟರಿನದು, ಅಂದರೆ ಸಿಲಿಂಡರಿನ ಒತ್ತಡವನ್ನು ಪ್ರತಿ ಹೊಡೆತಕ್ಕೂ ಒಂದೇ ಮಟ್ಟಕ್ಕೆ ಇಳಿಸಿ ಕೊಡುವ ಭಾಗದ್ದು. ಅದನ್ನು ಹಿಡಿಯುವ ಉಪಾಯ ಹೀಗೆ: ಕ್ರೋನೋಗ್ರಾಫ್ (ಪೆಲ್ಲೆಟ್ಟಿನ ವೇಗ ಅಳೆಯುವ ಯಂತ್ರ) ಇಟ್ಟು ಐದಾರು ಹೊಡೆತ ಹೊಡೆದು ವೇಗ ಬರೆದುಕೊಳ್ಳಿ, ಹತ್ತು ನಿಮಿಷ ಸುಮ್ಮನೆ ಬಿಡಿ, ಮತ್ತೆ ಹೊಡೆಯಿರಿ. ಬಿಟ್ಟ ಮೇಲಿನ ಮೊದಲ ಹೊಡೆತ ಮಾತ್ರ ಜಿಗಿದರೆ ರೆಗ್ಯುಲೇಟರಿನ ಸೀಟು ಸವೆದು, ನಿಂತಲ್ಲೇ ಒತ್ತಡ ನುಸುಳುತ್ತಿದೆ ಎಂದರ್ಥ. ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಪೆಲ್ಲೆಟ್ 10 ಮೀಟರ್ ದೂರಕ್ಕೆ ಸುಮಾರು 22 ಮಿ.ಮೀ. ಕೆಳಗಿಳಿಯುತ್ತದೆ. ವೇಗದಲ್ಲಿ 10 ಮೀಟರ್ ಏರುಪೇರಾದರೆ ಈ ಇಳಿತದಲ್ಲಿ 3 ಮಿ.ಮೀ. ವ್ಯತ್ಯಾಸ ಬರುತ್ತದೆ. ನಮಗಿರುವುದೇ 8 ಮಿ.ಮೀ. ಅವಕಾಶ, ಅದರಲ್ಲಿ 3 ಹೋದರೆ ನಡುಗುವ ಕೈಗೆ ಉಳಿಯುವುದು ಎಷ್ಟು?

ಬ್ರ್ಯಾಂಡ್ ಎರಡನೆಯ ಮಾತು, ಆದರೂ ಒಂದು ಭೇದ ನೋಡಬೇಕು. ಮೊರಿನಿಯ 162ಇಐಯಂಥವುಗಳಲ್ಲಿ ಟ್ರಿಗರ್ ಎಲೆಕ್ಟ್ರಾನಿಕ್, ಸ್ಟೈಯರ್ ಎಲ್‌ಪಿ10ರಲ್ಲಿ ಮೆಕ್ಯಾನಿಕಲ್. ಎಲೆಕ್ಟ್ರಾನಿಕ್ ಟ್ರಿಗರ್ ಗಾಜು ಮುರಿದಂತೆ ಚೊಕ್ಕ. ಆದರೆ ಅದು ಕೆಟ್ಟರೆ ಮಂಗಳೂರಿನಲ್ಲಿ ಕೈಹಾಕುವವರಿಲ್ಲ. ಮೆಕ್ಯಾನಿಕಲ್ ಆದರೆ ಕ್ಲಬ್ಬಿನ ಹಿರಿಯರೊಬ್ಬರು ಆಲನ್ ಕೀ ಹಿಡಿದು ಹತ್ತು ನಿಮಿಷದಲ್ಲಿ ದಾರಿಗೆ ತಂದಾರು. ಹಾಗೆಂದು ಮೆಕ್ಯಾನಿಕಲ್ ಭಾಗ ಕೈಕೊಡುವುದಿಲ್ಲ ಅಂತಲ್ಲ. 2021ರಲ್ಲಿ ಟೋಕಿಯೊ ಒಲಿಂಪಿಕ್ಸಿನ ಅರ್ಹತಾ ಸುತ್ತಿನಲ್ಲಿ ಮನು ಭಾಕರ್ ಪಿಸ್ತೂಲಿನ ಕಾಕಿಂಗ್ ಲಿವರೇ (ಪಿಸ್ತೂಲನ್ನು ಹೊಡೆತಕ್ಕೆ ಸಜ್ಜು ಮಾಡುವ ಸನ್ನೆ) ಮುರಿದು, ಆಟದ ನಡುವೆ ರಿಪೇರಿಗೆ ಓಡಬೇಕಾಯಿತು. ನಿಮ್ಮ ಸುತ್ತಮುತ್ತ ನಾಲ್ಕು ಜನ ಯಾವ ಮಾಡೆಲ್ ಹೊಡೆಯುತ್ತಾರೋ ಅದನ್ನೇ ತೆಗೊಳ್ಳಿ ಎನ್ನುವುದು ನಮ್ಮ ಅಭಿಪ್ರಾಯ. ಒ-ರಿಂಗಿನಿಂದ ಹಿಡಿದು ಗಾಳಿ ತುಂಬುವ ಅಡಾಪ್ಟರಿನವರೆಗೆ ಎಲ್ಲ ಸಾಲ ಸಿಗುತ್ತದೆ.

ಈಗ ಹಿಡಿ. ಮರದ ಹಿಡಿ ಸಣ್ಣ, ನಡು, ದೊಡ್ಡ ಹೀಗೆ ಅಳತೆಯಲ್ಲಿ, ಎಡಗೈ ಬಲಗೈ ಬೇರೆಬೇರೆಯಾಗಿ ಬರುತ್ತದೆ. ದೊಡ್ಡದನ್ನು ಉಜ್ಜಿ ಸಣ್ಣ ಮಾಡಬಹುದು, ಸಣ್ಣದನ್ನು ದೊಡ್ಡ ಮಾಡುವುದು ಕಷ್ಟ. ಸಂಶಯ ಇದ್ದರೆ ಒಂದು ಅಳತೆ ದೊಡ್ಡದೇ ಇರಲಿ. ಹೆಬ್ಬೆರಳು ಮತ್ತು ತೋರುಬೆರಳಿನ ಸಂದು ಹಿಡಿಯ ಮೇಲ್ತುದಿಗೆ ಒತ್ತಿ ಕೂರಬೇಕು. ಅಲ್ಲಿ ಖಾಲಿ ಉಳಿದರೆ ಒಂದೊಂದು ಸಲ ಒಂದೊಂದು ಎತ್ತರದಲ್ಲಿ ಹಿಡಿಯುತ್ತೀರಿ. ತೋರುಬೆರಳು ಟ್ರಿಗರನ್ನು ಬಿಟ್ಟು ಮರವನ್ನು ಎಲ್ಲೂ ಮುಟ್ಟಬಾರದು. ಮುಟ್ಟಿದರೆ ಒತ್ತುವಾಗ ಮರವನ್ನೂ ತಳ್ಳುತ್ತದೆ, ಮೊದಲು ಹೇಳಿದ ಕಾಲು ಮಿಲಿಮೀಟರ್ ಹುಟ್ಟುವುದು ಅಲ್ಲಿಯೇ.

ಪರೀಕ್ಷೆ ಹೀಗೆ. ಖಾಲಿ ಪಿಸ್ತೂಲು ಹಿಡಿದು ಗುರಿಗೆ ನಿಂತು ಕಣ್ಣು ಮುಚ್ಚಿ, ತೋಳು ಎತ್ತಿ ಇಳಿಸಿ, ನೆಲೆಗೆ ಬಂದ ಮೇಲೆ ಕಣ್ಣು ತೆರೆಯಿರಿ. ಮುಂದಿನ ಸೈಟು ಹಿಂದಿನ ಕಚ್ಚಿನ ನಡುವೆ ಇರಬೇಕು. ಪ್ರತಿ ಸಲವೂ ಬಲಕ್ಕೋ ಎಡಕ್ಕೋ ಕಂಡರೆ ಮಣಿಕಟ್ಟು ತಿರುಚಿ ಸರಿಮಾಡಬೇಡಿ. ಹಾಗೆ ಮಾಡಿದರೆ ಮೊದಲ ಇಪ್ಪತ್ತು ಹೊಡೆತ ಚಂದ ಬರುತ್ತದೆ, ಸುಸ್ತಾದ ಮೇಲೆ ಮಣಿಕಟ್ಟು ತನ್ನ ಜಾಗಕ್ಕೆ ಹೋಗುತ್ತದೆ, ಗುರಿಯ ಮೇಲಿನ ತೂತುಗಳ ಗುಂಪೂ ಅದರ ಹಿಂದೆಯೇ ಹೋಗುತ್ತದೆ. ಈಗಿನ ಹಿಡಿಗಳಲ್ಲಿ ಬುಡದ ತಿರುಪು ಸಡಿಲಿಸಿ ಕೋನ ಬದಲಿಸಲು ಬರುತ್ತದೆ. ಕೂದಲೆಳೆಯಷ್ಟು ತಿರುಗಿಸಿ, ಬಿಗಿ ಮಾಡಿ, ಮತ್ತೆ ಕಣ್ಣು ಮುಚ್ಚಿ ನೋಡಿ. ಕೋನದಿಂದ ಆಗದಿದ್ದರೆ ಮಾತ್ರ ಪುಟ್ಟಿಗೆ ಕೈ ಹಾಕುವುದು.

ಪುಟ್ಟಿ ಅಂದರೆ ಹಾರ್ಡ್‌ವೇರ್ ಅಂಗಡಿಯ ಎಂ-ಸೀಲ್. ಎಲ್ಲಿ ಹಚ್ಚಬೇಕೆಂದು ಕಣ್ಣಂದಾಜಿನಲ್ಲಿ ಗೊತ್ತಾಗುವುದಿಲ್ಲ. ಅಂಗೈಗೆ ಸೀಮೆಸುಣ್ಣದ ಪುಡಿ ಸವರಿ ಹಿಡಿದು ಬಿಟ್ಟರೆ ಮುಟ್ಟುವ ಜಾಗ ಮಾತ್ರ ಬೆಳ್ಳಗಾಗುತ್ತದೆ. ನಡುವೆ ದ್ವೀಪದ ಹಾಗೆ ಕಪ್ಪು ಉಳಿದಲ್ಲಿ ಪುಟ್ಟಿ ಬೇಕು. ಎರಡು ಭಾಗ ಸಮ ತೆಗೆದು ಬಣ್ಣ ಒಂದೇ ಆಗುವವರೆಗೆ ನಾದಿ, ತೆಳ್ಳಗೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ಹೊಡೆಯುವ ಬಲದಲ್ಲೇ ಹಿಡಿದು ಬಿಡಿ. ಹೆಚ್ಚು ಬಿಗಿ ಹಿಡಿದರೆ ಪುಟ್ಟಿ ನಿಮ್ಮ ಬಿಗಿತದ ಅಚ್ಚನ್ನೇ ತೆಗೊಳ್ಳುತ್ತದೆ. ಮರುದಿನ 80ರ ಮರಳು ಕಾಗದದಲ್ಲಿ ಉಜ್ಜಿ, 120ರಲ್ಲಿ ಮುಗಿಸಿ. ನುಣುಪು ಮಾಡಿ ವಾರ್ನಿಷ್ ಹೊಡೆಯಬೇಡಿ. ಈ ಊರಿನ ಬೆವರಿಗೆ ಅದು ಜಾರುತ್ತದೆ. ಅಂಗೈಯ ಕೆಳಗಿನ ಆಸರೆ ಹಲಗೆಯನ್ನು ಅಮುಕುವಷ್ಟು ಮೇಲೆ ತರಬಾರದು. ಕೈ ಹಗುರಕ್ಕೆ ಒಳಗೆ ಹೋಗಿ ಹಗುರಕ್ಕೆ ಹೊರಬರಬೇಕು, ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಕಿರುಬೆರಳು ಜೋಮು ಹಿಡಿಯುತ್ತದೆ. ಆ ಹಲಗೆ ಮಣಿಕಟ್ಟಿಗೆ ಆಸರೆ ಕೊಡುವ ಹಾಗೆ ಮೇಲಕ್ಕೆ ಬಾಗಿದ್ದರೆ ತಪಾಸಣೆಯಲ್ಲೇ ವಾಪಸ್ ಕಳಿಸುತ್ತಾರೆ.

ಟ್ರಿಗರಿನ ಕನಿಷ್ಠ ಭಾರ 500 ಗ್ರಾಂ. ಪಿಸ್ತೂಲಿನ ಮೂತಿ ಮೇಲೆ ಮಾಡಿ ಟ್ರಿಗರಿಗೆ ತೂಕ ಸಿಕ್ಕಿಸಿ ಎತ್ತುತ್ತಾರೆ, ಸಿಡಿಯದೆ ತೂಕ ಮೇಲೆ ಬರಬೇಕು. ಸ್ಪರ್ಧೆ ಮುಗಿದ ಮೇಲೂ ಚೀಟಿ ಎತ್ತಿದ ಹಾಗೆ ಕೆಲವರನ್ನು ಕರೆದು ಪರೀಕ್ಷಿಸುವುದುಂಟು, ಆಗ ಸಿಡಿದರೆ ಅಂಕವೆಲ್ಲ ಹೋಯಿತು. ಸರಿಯಾಗಿ 500ಕ್ಕೆ ಇಟ್ಟವರು ಸಿಕ್ಕಿಬೀಳುವುದು ಹೀಗೆ. ತಿರುಪು ಅದುರಿ ಸಡಿಲವಾದೀತು, ಸ್ಪ್ರಿಂಗ್ ಬಳಕೆಯಲ್ಲಿ ಸೋತೀತು. 520ಕ್ಕೆ ಇಡಿ. ಮನೆಯಲ್ಲಿ ಅಳೆಯಲು ದೊಡ್ಡ ಉಪಕರಣ ಬೇಡ: ಬಾಟಲಿಗೆ ನೀರು ಹಾಕಿ, ಹಗ್ಗ ಕೊಕ್ಕೆ ಎಲ್ಲ ಸೇರಿ 520 ಗ್ರಾಂ ಆಗುವ ಹಾಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಕೊಕ್ಕೆ ಟ್ರಿಗರಿನ ನಡುವಿಗೆ ಬರಬೇಕು, ಗಾಳಿ ತುಂಬಿ ಕಾಕ್ ಮಾಡಿರಬೇಕು, ಪೆಲ್ಲೆಟ್ ಇರಲೇಬಾರದು. ಎರಡು ಹಂತದ ಟ್ರಿಗರಿನಲ್ಲಿ (ಮೊದಲು ಸ್ವಲ್ಪ ಸರಿದು ತಡೆಗೆ ನಿಲ್ಲುತ್ತದೆ, ಇನ್ನೂ ಒತ್ತಿದರೆ ಸಿಡಿಯುತ್ತದೆ) ಮೊದಲ ಹಂತಕ್ಕೆ 400 ಗ್ರಾಂ ಹತ್ತಿರ, ಎರಡನೆಯದಕ್ಕೆ ಉಳಿದದ್ದು. ಹೊಸಬರು ಎರಡನೆಯ ಹಂತವನ್ನು ತೀರಾ ಹಗುರ ಮಾಡಿಕೊಂಡು, ಹಂತ ಸಿಕ್ಕುವ ಮೊದಲೇ ಹೊಡೆದು ಬಿಡುತ್ತಾರೆ. ಅಂಥವರಿಗೆ ಮೊದಲ ಹಂತ 350ಕ್ಕೆ ಇಳಿಸಿ ಎರಡನೆಯದನ್ನು ಹೆಚ್ಚಿಸಿದರೆ ಬೆರಳಿಗೆ ಗೋಡೆ ಸಿಕ್ಕಿದ್ದು ಗೊತ್ತಾಗುತ್ತದೆ. ಒಟ್ಟು ಪಿಸ್ತೂಲು 1500 ಗ್ರಾಂ ಮೀರಬಾರದು, 420 × 200 × 50 ಮಿ.ಮೀ. ಪೆಟ್ಟಿಗೆಯೊಳಗೆ ಕೂರಬೇಕು. ಕಂಪನಿಯಿಂದ ಬಂದದ್ದು ಕೂರುತ್ತದೆ. ಪುಟ್ಟಿ ಹಚ್ಚಿ ಉಬ್ಬಿಸಿದ ಹಿಡಿ ಕೆಲವೊಮ್ಮೆ 50ರಲ್ಲಿ ಸಿಕ್ಕಿಕೊಳ್ಳುತ್ತದೆ.

ಪೆಲ್ಲೆಟ್ ಚಪ್ಪಟೆ ತಲೆಯದೇ, ಮ್ಯಾಚ್ ದರ್ಜೆಯದೇ ಆಗಬೇಕು. ಆರ್‌ಡಬ್ಲ್ಯುಎಸ್ ಆರ್10, ಎಚ್ ಆಂಡ್ ಎನ್ ಫಿನಾಲೆ ಮ್ಯಾಚ್‌ನಂಥವು 500ರ ಡಬ್ಬಿಯಲ್ಲಿ, ತಲೆಯ ಅಳತೆ 4.49, 4.50 ಹೀಗೆ ಬರೆದುಕೊಂಡು ಬರುತ್ತವೆ. ವೈಸಿಗೆ ಬಿಗಿದು ಹತ್ತತ್ತು ಹೊಡೆದು ಯಾವ ಅಳತೆ ಗುಂಪು ಕಟ್ಟುತ್ತದೆ ನೋಡಿ. ಅಷ್ಟಾದ ಮೇಲೆ ಅದರ ಚಿಂತೆ ಬಿಡಿ. ಜೋರು ಮಳೆಯ ಆಟಿ ತಿಂಗಳಲ್ಲಿ ತೆರೆದಿಟ್ಟ ಡಬ್ಬಿಯ ಸೀಸಕ್ಕೆ ಬಿಳಿ ಪುಡಿ ಕಟ್ಟುತ್ತದೆ. ಅಂಥದ್ದನ್ನು ಹೊಡೆಯುವುದೂ ಬೇಡ, ಬಾಯಿಂದ ಊದುವುದಂತೂ ಬೇಡವೇ ಬೇಡ, ಅದು ವಿಷ. ಹೊಡೆದ ಮೇಲೆ ಕೈ ತೊಳೆಯದೆ ಗೋಳಿಬಜೆಗೆ ಕೈ ಹಾಕುವ ಅಭ್ಯಾಸವನ್ನು ಮಕ್ಕಳಿಗೆ ಮೊದಲ ದಿನವೇ ಬಿಡಿಸಬೇಕು.

ಗಾಳಿಯ ವಿಷಯಕ್ಕೆ ಬಂದರೆ, ಈ ಊರಿನಲ್ಲಿ ಪಿಸ್ತೂಲು ಕೆಡುವುದೇ ಅಲ್ಲಿಂದ. ಕೈಪಂಪು ಅಗ್ಗ ಎಂದು ಎಲ್ಲರೂ ತೆಗೊಳ್ಳುತ್ತಾರೆ. ಪಿಸ್ತೂಲಿನ ಸಿಲಿಂಡರಿನ ಗಾತ್ರ ಸುಮಾರು 100 ಮಿ.ಲೀ. ಎಂದು ಹಿಡಿದರೆ, 200 ಬಾರ್ ತುಂಬಲು ಹೊರಗಿನ ಗಾಳಿ 20 ಲೀಟರ್ ಒಳಗೆ ಹೋಗಬೇಕು. ಮಳೆಗಾಲದ 30 ಡಿಗ್ರಿಯಲ್ಲಿ ನಮ್ಮ ಗಾಳಿಯ ಪ್ರತಿ ಘನ ಮೀಟರಿನಲ್ಲಿ 25 ಗ್ರಾಂ ಮೇಲೆ ನೀರಿನ ಆವಿ ಇರುತ್ತದೆ. 20 ಲೀಟರಿಗೆ ಅರ್ಧ ಗ್ರಾಂ. ಅಷ್ಟು ಒತ್ತಿದಾಗ ಆವಿಯೆಲ್ಲ ನೀರಾಗಿ ಇಳಿಯುತ್ತದೆ. ಜುಲೈಯಲ್ಲಿ ಪಂಪಿನ ಬ್ಲೀಡ್ ತಿರುಪು (ಉಳಿದ ಒತ್ತಡ ಹೊರಬಿಡುವ ತಿರುಪು) ಬಿಚ್ಚಿ ನೋಡಿ, ಬುಸ್ಸೆಂದು ಬಿಳಿ ಮಂಜು ಬಂದು ಬೆರಳು ಒದ್ದೆಯಾಗುತ್ತದೆ. ಪಂಪಿನಲ್ಲಿ ನಿಂತದ್ದು ಅಷ್ಟು. ನಿಲ್ಲದೆ ಹೋದದ್ದು ಸಿಲಿಂಡರಿನ ತಳಕ್ಕೆ, ಅಲ್ಲಿಂದ ರೆಗ್ಯುಲೇಟರಿನ ಸೀಟಿಗೆ. ಪಂಪೇ ಗತಿ ಎಂದಾದರೆ ಗಾಳಿ ಎಳೆಯುವ ಬಾಯಿಗೆ ಸಿಲಿಕಾ ಜೆಲ್ಲಿನ ಫಿಲ್ಟರ್ ಹಾಕಿ, ನೀಲಿ ಹರಳು ಗುಲಾಬಿಯಾದ ಕೂಡಲೇ ಬಿಸಿ ಮಾಡಿ ಒಣಗಿಸಿ, ಐವತ್ತು ಸಲ ಒತ್ತಿದ ಮೇಲೆ ಬ್ಲೀಡ್ ಬಿಟ್ಟು ಪಂಪು ತಣಿಯಲು ಬಿಡಿ. ಬಿಸಿ ಪಂಪನ್ನು ಒತ್ತುತ್ತಾ ಹೋದರೆ ಒಳಗಿನ ಸೀಲು ಸುಡುತ್ತದೆ.

ಇದಕ್ಕಿಂತ ಒಳ್ಳೆಯದು ನಾಲ್ಕೈದು ಜನ ಸೇರಿ ಒಂದು ಸ್ಕೂಬಾ ಸಿಲಿಂಡರ್ ಇಟ್ಟುಕೊಳ್ಳುವುದು. ಮುಳುಗುವವರು ಉಸಿರಾಡುವ ಗಾಳಿಯಾದ್ದರಿಂದ ಅವರ ಕಂಪ್ರೆಸ್ಸರಿನಲ್ಲಿ ನೀರೂ ಎಣ್ಣೆಯೂ ಸೋಸಿ ಹೋಗಿರುತ್ತದೆ. ನೇತ್ರಾಣಿ ದ್ವೀಪಕ್ಕೆ ಕರೆದುಕೊಂಡು ಹೋಗುವ ಮುರುಡೇಶ್ವರದ ಕಡೆ ಸ್ಕೂಬಾದವರು ಇದ್ದಾರೆ, ಮೊದಲೇ ಕೇಳಿಕೊಂಡು ಹೋದರೆ ಆಯಿತು. 100 ಬಾರ್ ಉಳಿದ ಪಿಸ್ತೂಲು ಸಿಲಿಂಡರನ್ನು 200ಕ್ಕೆ ತರಲು 12 ಲೀಟರಿನ ಸ್ಕೂಬಾದಿಂದ ಒಂದು ಬಾರ್ ಕೂಡ ಪೂರ್ತಿ ಹೋಗುವುದಿಲ್ಲ. ಆದರೆ ದೊಡ್ಡದರಲ್ಲಿ 180 ಉಳಿದಿದ್ದರೆ ಸಣ್ಣದಕ್ಕೂ 180ರ ಮೇಲೆ ಏರುವುದಿಲ್ಲ. 60 ಹೊಡೆತಕ್ಕೆ ಅಷ್ಟು ಧಾರಾಳ ಸಾಕು. ದೊಡ್ಡ ಸಿಲಿಂಡರಿನ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ತಾರೀಕು ಮೀರಿದ್ದರೆ ಯಾರೂ ತುಂಬಿಸಿ ಕೊಡುವುದಿಲ್ಲ, ಕೊಡಲೂಬಾರದು.

ತುಂಬುವಾಗ ಮೊದಲು ದೊಡ್ಡದರ ಕೀಲಿ (ವಾಲ್ವ್) ಚೂರು ತೆರೆದು ಧೂಳು, ನೀರು ಹಾರಿಹೋಗಲು ಬಿಡಿ. ಆಮೇಲೆ ಅಡಾಪ್ಟರ್ ಸಿಕ್ಕಿಸಿ, ಕೀಲಿಯನ್ನು ನಿಧಾನ ತೆರೆದು ಒಂದು ನಿಮಿಷದ ಹೊತ್ತು ತೆಗೊಳ್ಳಿ. ಕೀಲಿ ಮುಚ್ಚಿ, ಬ್ಲೀಡ್ ಬಿಟ್ಟು, ಆಮೇಲೆಯೇ ಬಿಚ್ಚುವುದು. ಬ್ಲೀಡ್ ಬಿಡದೆ ತಿರುಗಿಸಿದರೆ ಒ-ರಿಂಗ್ ಹಾರಿ ಕಣ್ಣಿಗೇ ಬಂದೀತು. ದಕ್ಕೆಯ (ಮೀನುಗಾರಿಕೆ ಬಂದರಿನ) ಹತ್ತಿರದ ವೆಲ್ಡಿಂಗ್ ಶಾಪಿನಲ್ಲಿ ಕೇಳಿದರೆ "ಆಕ್ಸಿಜನ್ ಉಂಟಲ್ಲ ಸಾರ್, ಅದನ್ನೇ ತುಂಬಿಸಿ ಕೊಡ್ತೇವೆ" ಎನ್ನುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ. ಅದು ಬಾಂಬು ಮಾರಾಯ್ರೆ. ಒತ್ತಡದ ಆಕ್ಸಿಜನ್ನಿಗೆ ಗ್ರೀಸಿನ ಒಂದು ಕಲೆ ಸಿಕ್ಕಿದರೆ ಸಾಕು, ಸಿಡಿಯುತ್ತದೆ. ಇದೇ ಕಾರಣಕ್ಕೆ ಗಾಳಿಯ ದಾರಿಗೆ ಮಾಮೂಲಿ ಮೆಷಿನ್ ಎಣ್ಣೆ ಬಿಡುವುದೂ ತಪ್ಪು, ಅಲ್ಲಿ ಸಿಲಿಕೋನ್ ಗ್ರೀಸ್ ಮಾತ್ರ. ತುಂಬಿದ ಸಿಲಿಂಡರನ್ನು ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ: 30 ಡಿಗ್ರಿಯಲ್ಲಿ 200 ಇದ್ದದ್ದು 60 ಡಿಗ್ರಿಗೆ 220 ಆಗುತ್ತದೆ.

ಹೊರಮೈಗೆ ಉಪ್ಪು ಗಾಳಿ ಮತ್ತು ಬೆವರೇ ಶತ್ರು. ಮೊದಲು ತುಕ್ಕು ಹಿಡಿಯುವುದು ಸೈಟಿನ ತಿರುಪು ಮತ್ತು ಲಿವರಿನ ಪಿನ್ನು. ಪ್ರತಿ ಸಲ ಹೊಡೆದ ಮೇಲೆ ಎಣ್ಣೆ ಪಸೆಯ ಬಟ್ಟೆಯಲ್ಲಿ ಲೋಹ ಒರೆಸಿ. ಬ್ಯಾರಲ್ಲಿನೊಳಗೆ ಎಣ್ಣೆ ಬೇಡ, 500 ಹೊಡೆತಕ್ಕೊಮ್ಮೆ ಒಣ ಫೆಲ್ಟ್ ಉಂಡೆ ಹಾಕಿದರೆ ಸಾಕು. ಪೆಟ್ಟಿಗೆಯ ಸ್ಪಂಜು ಪಸೆ ಹೀರಿ ಇಟ್ಟುಕೊಳ್ಳುತ್ತದೆ, ಮಳೆಗಾಲದಲ್ಲಿ ಮರದ ಹಿಡಿಗೆ ಬೂಸ್ಟು ಬರುವುದು ಅದರಿಂದ. ಸಾಗಿಸಲು ಪೆಟ್ಟಿಗೆ, ಇಡಲು ಬೀಗದ ಕಪಾಟು ಎಂದು ಬೇರೆ ಮಾಡಿಕೊಳ್ಳಿ. ಪೆಟ್ಟಿಗೆಗೆ ಕುಚ್ಚಲಕ್ಕಿ ಹಾಕಿ ಇಡುವವರನ್ನೂ ನೋಡಿದ್ದೇವೆ, ಅದರ ಪುಡಿ ಟ್ರಿಗರಿನೊಳಗೆ ಸೇರುತ್ತದೆ. ಸಿಲಿಕಾ ಜೆಲ್ ಅಷ್ಟೇನೂ ತುಟ್ಟಿಯಲ್ಲ. ಎಸಿ ಕೋಣೆಯಿಂದ ಹೊರಗೆ ಬಂದ ಕೂಡಲೇ ಪೆಟ್ಟಿಗೆ ತೆರೆದರೆ ತಣ್ಣಗಿನ ಲೋಹದ ಮೇಲೆ ಕ್ಷಣದಲ್ಲಿ ಇಬ್ಬನಿ ಕೂರುತ್ತದೆ. ಮುಚ್ಚಿಯೇ ಅರ್ಧ ಗಂಟೆ ಬಿಡಿ.

ಕನ್ನಡಕದವರು ಕಣ್ಣಿನ ಡಾಕ್ಟರಲ್ಲಿ ದೂರದ ನಂಬರಿಗೆ +0.50 ಇಲ್ಲವೇ +0.75 ಸೇರಿಸಿ ನೋಡಲು ಹೇಳಿ, ಮುಂದಿನ ಸೈಟು ಚೂಪಾಗಿ ಕಾಣುವುದು ಮುಖ್ಯ, ಗುರಿ ಮಸುಕಾದರೆ ಆಗಲಿ. ಮುಚ್ಚುವ ಕಣ್ಣಿನ ಪಟ್ಟಿ 30 ಮಿ.ಮೀ. ಅಗಲ ಮೀರಬಾರದು. ಶೂ ಹರಡು ಮುಚ್ಚದ, ಚಪ್ಪಟೆಯಾಗಿ ಬಾಗುವ ಅಟ್ಟೆಯದು ಆಗಬೇಕು.

ದೂರದ ಸ್ಪರ್ಧೆಗೆ ಬಜ್ಪೆಯಿಂದ ವಿಮಾನದಲ್ಲಿ ಹೋಗುವುದಾದರೆ ಸಿಲಿಂಡರನ್ನು ಪೂರ್ತಿ ಖಾಲಿ ಮಾಡಿ, ಪಿಸ್ತೂಲಿನಿಂದ ಬಿಚ್ಚಿ, ಚೆಕ್-ಇನ್ ಸಾಮಾನಿನಲ್ಲಿ ಹಾಕಿ ಕೌಂಟರಿನಲ್ಲಿ ಹೇಳಬೇಕು. ಕ್ಲಬ್ಬಿನ ಪತ್ರ, ಖರೀದಿ ರಸೀದಿ ಕೈಯಲ್ಲಿರಲಿ, ಎರಡು ಗಂಟೆ ಮೊದಲೇ ಹೋಗಿ. ದೊಡ್ಡ ರೇಂಜುಗಳಲ್ಲಿ ಗಾಳಿ ತುಂಬಿಸಿ ಕೊಡುತ್ತಾರೆ. ಆದರೆ ಸ್ಟೈಯರಿನ ಅಡಾಪ್ಟರ್ ಮೊರಿನಿಗೆ ಆಗುವುದಿಲ್ಲ, ಮೊರಿನಿಯದು ವಾಲ್ಥರಿಗೆ ಆಗುವುದಿಲ್ಲ. ನಿಮ್ಮ ಅಡಾಪ್ಟರನ್ನು ಹೆಚ್ಚುವರಿ ಒ-ರಿಂಗಿನ ಪೊಟ್ಟಣದ ಜೊತೆ ಪಿಸ್ತೂಲಿನ ಪೆಟ್ಟಿಗೆಯಲ್ಲೇ ಇಡಿ.